ಪ್ಲಗಿನ್ ನಿಂತ ಜಾಗದಿಂದ ನೋಡಿ

ನೀವು ದಿನಕ್ಕೆ ಎಷ್ಟು ಹೊತ್ತು, ಯಾವ ಪ್ರಾಜೆಕ್ಟ್‌ನ ಯಾವ ಫೈಲ್ ಮೇಲೆ ಕೆಲಸ ಮಾಡಿದಿರಿ ಎಂದು ಲೆಕ್ಕ ಇಡುವ ಪ್ಲಗಿನ್ (ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಮ್) ಒಂದನ್ನು ಕೋಡ್ ಬರೆಯುವ ಎಡಿಟರ್‌ಗೆ ಹಾಕಿಕೊಂಡಿದ್ದೀರಿ ಎಂದಿಟ್ಟುಕೊಳ್ಳಿ. ಅದು ಕೆಲಸ ಮಾಡುತ್ತಿದೆ ಎಂದು ನಿಮಗೆ ಹೇಗೆ ಗೊತ್ತು? ಕೋಡ್ ತಿದ್ದಿಕೊಡುವ ಪ್ಲಗಿನ್ ನಿಂತರೆ ತಕ್ಷಣ ತಿಳಿಯುತ್ತದೆ, ಸಾಲುಗಳು ಅಡ್ಡಾದಿಡ್ಡಿಯಾಗಿಯೇ ಉಳಿಯುತ್ತವೆ. ಬಣ್ಣ ಹಚ್ಚುವ ಪ್ಲಗಿನ್ ನಿಂತರೆ ಪರದೆ ಪೇಲವವಾಗುತ್ತದೆ. ಆದರೆ ಗಮನಿಸುವುದಷ್ಟೇ ಕೆಲಸವಾಗಿರುವ ಪ್ಲಗಿನ್ ನಿಂತುಹೋದರೆ ಪರದೆಯ ಮೇಲೆ ಏನೂ ಬದಲಾಗುವುದಿಲ್ಲ. ಅದು ಮೊದಲೂ ಮೌನವಾಗಿತ್ತು, ಈಗಲೂ ಮೌನವಾಗಿದೆ. ನಮಗೆ ಅಡ್ಡಿ ಮಾಡಬಾರದೆಂದೇ ಅದನ್ನು ಹಾಗೆ ರೂಪಿಸಿರುತ್ತಾರೆ. ಆ ಒಳ್ಳೆಯ ಗುಣವೇ ಇಲ್ಲಿ ತೊಂದರೆಯ ಮೂಲವೂ ಆಗುತ್ತದೆ.

ಇಂಥ ಪ್ಲಗಿನ್ ಒಳಗೆ ಏನು ನಡೆಯುತ್ತದೆ ಎನ್ನುವುದನ್ನು ಮೊದಲು ನೋಡೋಣ. ವಾಕಾಟೈಮ್ ಅನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರ ರಚನೆ ಸ್ಪಷ್ಟವಾಗಿದೆ. ಎಡಿಟರ್ ಒಳಗೆ ಕೂರುವ ಭಾಗ ಬಹಳ ಚಿಕ್ಕದು. ನೀವು ಹೊಸ ಫೈಲ್‌ಗೆ ಹೋದಾಗ, ಫೈಲ್ ಉಳಿಸಿದಾಗ, ಅಥವಾ ಒಂದೇ ಫೈಲ್‌ನಲ್ಲಿ ಟೈಪ್ ಮಾಡುತ್ತ 2 ನಿಮಿಷ ಕಳೆದಾಗ ಅದು ಒಂದು ಚಿಕ್ಕ ಸಂದೇಶ ತಯಾರಿಸುತ್ತದೆ. ಇದಕ್ಕೆ ಹಾರ್ಟ್‌ಬೀಟ್ ಎಂದು ಹೆಸರು. ನಾನು ಮಿಡಿತ ಎನ್ನುತ್ತೇನೆ. ಆ ಮಿಡಿತವನ್ನು ಸರ್ವರ್‌ಗೆ ಕಳುಹಿಸುವುದು ಎಡಿಟರ್ ಅಲ್ಲ, ಬೇರೊಂದು ಪ್ರೋಗ್ರಾಮ್. ಪ್ಲಗಿನ್ ಪ್ರತಿ ಸಲವೂ ಆ ಪ್ರೋಗ್ರಾಮನ್ನು ಕರೆಯುತ್ತದೆ, ವಿಷಯ ಒಪ್ಪಿಸುತ್ತದೆ, ಮುಂದಿನ ಜವಾಬ್ದಾರಿ ಅದರದು. ಹಿಂದೆ ಈ ಪ್ರೋಗ್ರಾಮ್ ಪೈಥಾನ್‌ನಲ್ಲಿ ಇತ್ತು, ಆದ್ದರಿಂದ ನಿಮ್ಮ ಯಂತ್ರದಲ್ಲಿ ಪೈಥಾನ್ ಇರಬೇಕಿತ್ತು. ನಂತರ ಅದನ್ನು ಗೋ ಭಾಷೆಯಲ್ಲಿ ಹೊಸದಾಗಿ ಬರೆದು ಒಂದೇ ಫೈಲ್ ಆಗಿ ಮಾಡಿದರು. ಹೀಗೆ ಮಾಡಿದ್ದರಿಂದ ಎಷ್ಟೋ ಜನರ ತೊಂದರೆ ಒಂದೇ ಏಟಿಗೆ ಕಡಿಮೆಯಾಯಿತು. ಆದರೆ ಎಲ್ಲ ಪ್ಲಗಿನ್‌ಗಳೂ ಹಾಗಿಲ್ಲ. ಈಗಲೂ ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಬೇಡುವ ಪ್ಲಗಿನ್‌ಗಳು ಬೇಕಾದಷ್ಟಿವೆ, ಮತ್ತು ನಿಮ್ಮ ತಂಡದವರೇ ಬರೆದುಕೊಂಡ ಪ್ಲಗಿನ್ ಆಗಿದ್ದರೆ ಅದು ಬೇಡುವ ಸಾಧ್ಯತೆಯೇ ಹೆಚ್ಚು.

ಈಗ ಒಂದು ಅನುಭವ ಹೇಳುತ್ತೇನೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಹೊಸ ಮ್ಯಾಕ್ ತೆಗೆದುಕೊಂಡು ಇಂಥದೊಂದು ಪ್ಲಗಿನ್ ಹಾಕಿಕೊಂಡಿದ್ದರು. ಹನ್ನೊಂದು ದಿನ ಕಳೆದ ಮೇಲೆ ವರದಿ ತೆರೆದು ನೋಡಿದರೆ ಸೊನ್ನೆ. ಹನ್ನೊಂದು ದಿನವೂ ಸೊನ್ನೆ. ಅವರು ನನ್ನನ್ನು ಕರೆದು, ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು, ಪೈಥಾನ್ ಎಂದು ಟೈಪ್ ಮಾಡಿ ತೋರಿಸಿದರು. ಪೈಥಾನ್ ಕೂಡಲೇ ಎದ್ದು ನಿಂತಿತು. "ನೋಡಿ, ಇದೆಯಲ್ಲ! ಮತ್ತೆ ಪ್ಲಗಿನ್‌ಗೆ ಏಕೆ ಸಿಗುತ್ತಿಲ್ಲ?" ಎಂದರು. ಅವರು ಎರಡು ಬಾರಿ ಪ್ಲಗಿನ್ ತೆಗೆದು ಮತ್ತೆ ಹಾಕಿದ್ದರು, ಒಮ್ಮೆ ಎಡಿಟರನ್ನೇ ತೆಗೆದು ಮತ್ತೆ ಹಾಕಿದ್ದರು.

ನಾನು ಟರ್ಮಿನಲ್ ಮುಚ್ಚಲು ಹೇಳಿದೆ. ಎಡಿಟರ್‌ನ ಒಳಗೇ ಒಂದು ಕನ್ಸೋಲ್ ಇತ್ತು. ಅಲ್ಲಿ, ಪ್ರೋಗ್ರಾಮ್‌ಗಳನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕೆಂದು ಹೇಳುವ ಪಾತ್ ವೇರಿಯಬಲ್‌ನ ಬೆಲೆ ಏನೆಂದು ಕೇಳಿಸಿದೆ. ಟರ್ಮಿನಲ್‌ನಲ್ಲಿ ಅದೇ ಪ್ರಶ್ನೆಗೆ ಮೂರು ಸಾಲಿನಷ್ಟು ಉದ್ದದ ಉತ್ತರ ಬಂದಿತ್ತು. ಎಡಿಟರ್ ಒಳಗೆ ಬಂದದ್ದು ನಾಲ್ಕೇ ಫೋಲ್ಡರ್: ಎರಡು ಬಿನ್, ಎರಡು ಎಸ್‌ಬಿನ್. ಅವರ ಪೈಥಾನ್ ಇದ್ದದ್ದು, ಮ್ಯಾಕ್‌ಗೆ ಪ್ರೋಗ್ರಾಮ್‌ಗಳನ್ನು ತಂದು ಹಾಕುವ ಹೋಮ್‌ಬ್ರೂನ ಫೋಲ್ಡರ್‌ನಲ್ಲಿ. ಆ ಫೋಲ್ಡರ್‌ನ ಹೆಸರು ಈ ನಾಲ್ಕರಲ್ಲಿ ಇರಲಿಲ್ಲ. ಪ್ಲಗಿನ್ ಹುಡುಕಿತ್ತು, ತನಗೆ ಹೇಳಿದ್ದ ನಾಲ್ಕು ಕಡೆಯೂ ಹುಡುಕಿತ್ತು, ಸಿಗದೆ ಸುಮ್ಮನಾಗಿತ್ತು.

ನಾನು ಇವತ್ತು ಹೇಳಬೇಕೆಂದು ಬಂದ ಮಾತು ಇದರಲ್ಲೇ ಇದೆ. ನಾವು ಟರ್ಮಿನಲ್‌ನಲ್ಲಿ ನಿಂತು ಪರೀಕ್ಷಿಸುತ್ತೇವೆ. ಪ್ಲಗಿನ್ ನಿಂತಿರುವುದು ಅಲ್ಲಿ ಅಲ್ಲ. ಅದು ನಿಂತ ಜಾಗದಿಂದ ಏನು ಕಾಣುತ್ತದೆ ಎಂದು ನೋಡದ ಹೊರತು ತೊಂದರೆ ಎಲ್ಲಿದೆ ಎಂದು ತಿಳಿಯುವುದಿಲ್ಲ.

ಇದು ಏಕೆ ಹೀಗೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದೊಂದು ತಿಳಿದರೆ ಉಳಿದದ್ದನ್ನು ನೀವೇ ಊಹಿಸಬಹುದು. ಪಾತ್‌ನಂಥ ಎನ್ವಿರಾನ್‌ಮೆಂಟ್ ವೇರಿಯಬಲ್ ಎನ್ನುವುದು 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಿಂದ ಬಂದದ್ದು. ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಮ್) ಇನ್ನೊಂದನ್ನು ಹುಟ್ಟಿಸುವಾಗ ಅದರ ಕೈಗೆ ಒಂದು ಚೀಟಿ ಕೊಡುತ್ತದೆ. ಮನೆ ಫೋಲ್ಡರ್ ಯಾವುದು, ಭಾಷೆ ಯಾವುದು, ಪ್ರೋಗ್ರಾಮ್‌ಗಳನ್ನು ಎಲ್ಲೆಲ್ಲಿ ಹುಡುಕಬೇಕು ಎಂದೆಲ್ಲ ಅದರಲ್ಲಿ ಬರೆದಿರುತ್ತದೆ. ಆ ಚೀಟಿ ಒಂದು ನಕಲು. ಹುಟ್ಟಿಸಿದ ಪ್ರೊಸೆಸ್ ಆಮೇಲೆ ತನ್ನ ಚೀಟಿಯನ್ನು ಎಷ್ಟು ತಿದ್ದಿದರೂ ಹುಟ್ಟಿದ್ದರ ಕೈಯಲ್ಲಿರುವುದು ಹಳೆಯದೇ. ಮಗು ತಿದ್ದಿದರೂ ತಾಯಿಯದು ಬದಲಾಗುವುದಿಲ್ಲ. ಇಬ್ಬರು ಸಹೋದರರ ನಡುವೆಯಂತೂ ಸಂಬಂಧವೇ ಇಲ್ಲ.

ಈಗ ಯೋಚಿಸಿ. ನಿಮ್ಮ ಟರ್ಮಿನಲ್‌ಗೆ ಉದ್ದದ ಚೀಟಿ ಎಲ್ಲಿಂದ ಬಂತು? ಟರ್ಮಿನಲ್ ತೆರೆದಾಗ, ನೀವು ಟೈಪ್ ಮಾಡಿದ ಆಜ್ಞೆಗಳನ್ನು ನಡೆಸುವ ಶೆಲ್ ಎಂಬ ಪ್ರೋಗ್ರಾಮ್ ಎದ್ದು, ನಿಮ್ಮ ಮನೆ ಫೋಲ್ಡರ್‌ನ ಸಂರಚನಾ ಫೈಲ್‌ಗಳನ್ನು ಓದಿ, ತನ್ನ ಚೀಟಿಗೆ ತಾನೇ ಸಾಲು ಸೇರಿಸಿಕೊಂಡಿತು. ಎಡಿಟರ್‌ನ ಚಿಹ್ನೆಯ ಮೇಲೆ ನೀವು ಕ್ಲಿಕ್ ಮಾಡಿದಾಗ ಅದನ್ನು ಹುಟ್ಟಿಸಿದ್ದು ಶೆಲ್ ಅಲ್ಲ, ಡೆಸ್ಕ್‌ಟಾಪ್. ಮ್ಯಾಕ್‌ನಲ್ಲಾದರೆ ಲಾಂಚ್‌ಡಿ. ಅದು ನಿಮ್ಮ ಶೆಲ್‌ನ ಫೈಲ್‌ಗಳನ್ನು ಓದುವುದೇ ಇಲ್ಲ. ಎಡಿಟರ್ ಮತ್ತು ಟರ್ಮಿನಲ್ ಒಂದೇ ಪರದೆಯ ಮೇಲೆ ಅಕ್ಕಪಕ್ಕ ಇದ್ದರೂ ಅವು ಬೇರೆ ಬೇರೆ ಕೈಗಳಿಂದ ಬೇರೆ ಬೇರೆ ಚೀಟಿ ಪಡೆದವು.

ಕೆಲವು ಎಡಿಟರ್‌ಗಳು ಇದನ್ನು ತಾವೇ ಸರಿಪಡಿಸಿಕೊಳ್ಳಲು ನೋಡುತ್ತವೆ. ವಿಎಸ್ ಕೋಡ್ ಅನ್ನು ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಚಿಹ್ನೆಯಿಂದ ತೆರೆದರೆ ಅದು ತೆರೆಮರೆಯಲ್ಲಿ ನಿಮ್ಮ ಶೆಲ್ ಒಂದನ್ನು ಎಬ್ಬಿಸಿ, ಅದರ ಚೀಟಿಯನ್ನು ನಕಲು ಮಾಡಿಕೊಳ್ಳುತ್ತದೆ. ಇಮ್ಯಾಕ್ಸ್ ಬಳಸುವವರು ಇದೇ ಕೆಲಸಕ್ಕೆ ಪ್ರತ್ಯೇಕ ಪ್ಯಾಕೇಜ್ ಹಾಕಿಕೊಳ್ಳುತ್ತಾರೆ. ಇದು ಬಹಳ ಒಳ್ಳೆಯ ಏರ್ಪಾಡು, ಆದರೆ ಒಂದು ಷರತ್ತಿದೆ. ಶೆಲ್ ಬೇಗ ಏಳಬೇಕು. ವಿಎಸ್ ಕೋಡ್ ಪೂರ್ವನಿಯೋಜಿತವಾಗಿ 10 ಸೆಕೆಂಡ್ ಕಾಯುತ್ತದೆ. ಅಷ್ಟರೊಳಗೆ ಶೆಲ್ ಸಿದ್ಧವಾಗದಿದ್ದರೆ ಎಚ್ಚರಿಕೆಯ ಸಂದೇಶ ತೋರಿಸಿ, ಇದ್ದ ಚೀಟಿಯೊಂದಿಗೇ ಮುಂದೆ ಹೋಗುತ್ತದೆ. ಆ ಸಂದೇಶವನ್ನು ದಯವಿಟ್ಟು ಓದದೆ ಮುಚ್ಚಬೇಡಿ. ಕಾಯುವ ಅವಧಿಯನ್ನು ಹೆಚ್ಚಿಸುವ ಸೆಟ್ಟಿಂಗ್ ಇದೆ ನಿಜ, ಆದರೆ ನಿಮ್ಮ ಶೆಲ್ ಏಳಲು ಹತ್ತು ಸೆಕೆಂಡ್ ಬೇಕಾಗುತ್ತಿದೆ ಎಂದರೆ ಅದರ ಸಂರಚನಾ ಫೈಲ್ ತೆರೆದು ಒಂದೊಂದೇ ಸಾಲು ಪರಿಶೀಲಿಸುವುದೇ ಸರಿಯಾದ ದಾರಿ.

ಜಡ್‌ಶೆಲ್‌ನ ಫೈಲ್‌ಗಳ ವಿಚಾರ ಇಲ್ಲಿ ಒಂದು ಮಾತು ಬೇಡುತ್ತದೆ. 2019ರ ಕ್ಯಾಟಲಿನಾ ಆವೃತ್ತಿಯಿಂದ ಮ್ಯಾಕ್‌ನಲ್ಲಿ ಇದೇ ಪೂರ್ವನಿಯೋಜಿತ ಶೆಲ್. ಹೆಸರಿನ ಕೊನೆಗೆ ಆರ್‌ಸಿ ಇರುವ ಫೈಲನ್ನು ಶೆಲ್ ಓದುವುದು ನೀವು ಎದುರಿಗೆ ಕುಳಿತು ಮಾತನಾಡುವಾಗ ಮಾತ್ರ. ಪ್ರೊಫೈಲ್ ಎಂಬ ಫೈಲನ್ನು ಓದುವುದು ಲಾಗಿನ್ ಶೆಲ್ ಆಗಿ ಎದ್ದಾಗ. ಜನ ಪಾತ್‌ನ ಸಾಲುಗಳನ್ನೂ, ಪ್ರಾಂಪ್ಟ್‌ನ ಬಣ್ಣಗಳನ್ನೂ, ಅಡ್ಡಹೆಸರುಗಳನ್ನೂ ಎಲ್ಲವನ್ನೂ ಆರ್‌ಸಿಯಲ್ಲೇ ತುಂಬುತ್ತಾರೆ. ಪಾತ್‌ನ ಸಾಲುಗಳನ್ನು ಪ್ರೊಫೈಲ್‌ಗೆ ಸಾಗಿಸಿ. ಆಗ ಎಡಿಟರ್ ಯಾವ ಬಗೆಯ ಲಾಗಿನ್ ಶೆಲ್ ಎಬ್ಬಿಸಿದರೂ ಅವು ಸಿಗುತ್ತವೆ. ಇನ್ನೂ ಮುಂದೆ ಹೋಗಿ, ಯಾವಾಗಲೂ ಓದಲ್ಪಡುವ ಎನ್ವ್ ಫೈಲ್‌ನಲ್ಲಿ ಬರೆದರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೆಲವರು ಕೇಳುತ್ತಾರೆ. ಮ್ಯಾಕ್‌ನಲ್ಲಿ ಬೇಡ. ಅದನ್ನು ಓದಿದ ಮೇಲೆ ವ್ಯವಸ್ಥೆಯ ಪ್ರೊಫೈಲ್ ಫೈಲ್ ಪಾತ್ ಹೆಲ್ಪರ್ ಎಂಬ ಪ್ರೋಗ್ರಾಮ್ ನಡೆಸಿ ವ್ಯವಸ್ಥೆಯ ಫೋಲ್ಡರ್‌ಗಳನ್ನು ಮುಂದಕ್ಕೆ ತರುತ್ತದೆ. ನೀವು ಮೊದಲು ಇರಲಿ ಎಂದು ಬರೆದದ್ದು ಹಿಂದಕ್ಕೆ ಬೀಳುತ್ತದೆ.

ಲಿನಕ್ಸ್‌ನಲ್ಲಿ ಕಥೆ ಹೆಚ್ಚುಕಡಿಮೆ ಇದೇ. ಬ್ಯಾಶ್‌ಆರ್‌ಸಿಯಲ್ಲಿ ಬರೆದದ್ದು ಮೆನುವಿನಿಂದ ತೆರೆದ ಎಡಿಟರ್‌ಗೆ ತಾನಾಗಿ ತಲುಪುವುದಿಲ್ಲ. ಉಬುಂಟುವಿನಲ್ಲಿ ಪ್ರೊಫೈಲ್ ಫೈಲ್‌ನಲ್ಲಿ ಬರೆದು, ಲಾಗ್‌ಔಟ್ ಆಗಿ ಮತ್ತೆ ಒಳಗೆ ಬಂದರೆ ತಲುಪುತ್ತದೆ. ಎಡಿಟರನ್ನು ಫ್ಲ್ಯಾಟ್‌ಪ್ಯಾಕ್ ಆಗಿ ಹಾಕಿಕೊಂಡಿದ್ದರೆ ಮಾತ್ರ ಬೇರೆ ಮಾತು: ಅದು ಗೋಡೆಯೊಳಗೆ ಇರುತ್ತದೆ, ಹೊರಗಿನ ಪೈಥಾನ್ ಅದಕ್ಕೆ ಕಾಣುವುದೇ ಇಲ್ಲ, ಪಾತ್ ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ.

ವಿಂಡೋಸ್‌ನಲ್ಲಿ ಎರಡು ವಿಷಯ. ಪಾತ್ ಬದಲಿಸಿದ ಮೇಲೆ ಆಗಲೇ ತೆರೆದಿರುವ ಎಡಿಟರ್‌ಗೆ ಅದು ತಿಳಿಯುವುದಿಲ್ಲ, ಅದರ ಒಳಗಿನ ಟರ್ಮಿನಲ್‌ಗೂ ತಿಳಿಯುವುದಿಲ್ಲ. ಎಲ್ಲ ಕಿಟಕಿಗಳನ್ನೂ ಮುಚ್ಚಿ, ಹಿನ್ನೆಲೆಯಲ್ಲಿ ಯಾವ ಪ್ರೊಸೆಸ್ಸೂ ಉಳಿದಿಲ್ಲ ಎಂದು ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿ ಮತ್ತೆ ತೆರೆಯಿರಿ. ಎರಡನೆಯದು ನಿಜಕ್ಕೂ ಸೂಕ್ಷ್ಮ. ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ನಿಂದ, ಪೈಥಾನ್ ಇಲ್ಲದ ಯಂತ್ರದಲ್ಲಿಯೂ ಪೈಥಾನ್ ಎಂಬ ಹೆಸರಿನ ಒಂದು ಫೈಲ್ ಇರುತ್ತದೆ. ವಿಂಡೋಸ್ ಆ್ಯಪ್ಸ್ ಎಂಬ ಫೋಲ್ಡರ್‌ಗೆ ಹೋಗಿ ನೋಡಿ, ಅದರ ಗಾತ್ರ 0 ಬೈಟ್ ಎಂದು ಕಾಣುತ್ತದೆ. ಅದನ್ನು ಬರಿದೇ ಕರೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆಯುತ್ತದೆ. ಕಲಿಯುವವರಿಗೆ ಅನುಕೂಲವಾಗಲಿ ಎಂದು ಮಾಡಿದ ಏರ್ಪಾಡು ಅದು. ಆದರೆ ಪ್ಲಗಿನ್ ಕರೆಯುವಾಗ ಜೊತೆಗೆ ಸ್ಕ್ರಿಪ್ಟ್‌ನ ಹೆಸರನ್ನೂ ಕೊಡುತ್ತದೆ. ಆಗ ಸ್ಟೋರ್ ತೆರೆಯುವುದಿಲ್ಲ, ಪೈಥಾನ್ ಸಿಗಲಿಲ್ಲ ಎಂಬ ಒಂದು ಸಾಲು ಮಾತ್ರ ಬರುತ್ತದೆ, ಆ ಸಾಲನ್ನು ಪ್ಲಗಿನ್ ಯಾರಿಗೂ ತೋರಿಸುವುದಿಲ್ಲ. ಫೈಲ್ ಇದೆಯೇ ಎಂದು ಕೇಳಿದರೆ ಇದೆ. ಅದು ಓಡುತ್ತದೆಯೇ ಎಂದು ಕೇಳಿದರೆ ಇಲ್ಲ. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಭಾಗದಲ್ಲಿ ಇಂಥ ಅಡ್ಡಹೆಸರಿನ ಫೈಲ್‌ಗಳನ್ನು ಆಫ್ ಮಾಡುವ ಗುಂಡಿಗಳಿವೆ.

ಇಷ್ಟು ಹೊರಗಿನ ಪರಿಸರದ ಮಾತಾಯಿತು. ಇನ್ನು ಎಡಿಟರ್ ತನ್ನೊಳಗೇ ಇಟ್ಟುಕೊಂಡಿರುವ ರನ್‌ಟೈಮ್, ಅಂದರೆ ಪ್ಲಗಿನ್‌ನ ಕೋಡನ್ನು ಓಡಿಸುವ ಪೈಥಾನ್ ಅಥವಾ ನೋಡ್‌ನಂಥ ಪ್ರೋಗ್ರಾಮ್. ಇವೆರಡನ್ನು ಬೆರೆಸಿಕೊಳ್ಳುವುದರಿಂದ ಬಹಳ ಗೊಂದಲವಾಗುತ್ತದೆ. ಸಬ್ಲೈಮ್ ಟೆಕ್ಸ್ಟ್ ತನ್ನದೇ ಪೈಥಾನ್ ಹೊತ್ತು ತರುತ್ತದೆ. 2021ರ ಮೇ ತಿಂಗಳಲ್ಲಿ ಬಂದ ಅದರ 4ನೇ ಆವೃತ್ತಿಯಲ್ಲಿ 3.3 ಮತ್ತು 3.8 ಎರಡೂ ಇದ್ದವು. ಪ್ಯಾಕೇಜಿನ ಒಳಗಿನ ಒಂದು ಪುಟ್ಟ ಫೈಲ್ ತನಗೆ ಯಾವುದು ಬೇಕೆಂದು ಹೇಳುತ್ತದೆ. ನೀವು ಯಂತ್ರಕ್ಕೆ ಹೊಸ ಪೈಥಾನ್ ಹಾಕಿದರೆ ಆ ಪ್ಲಗಿನ್‌ನ ಒಳಭಾಗಕ್ಕೆ ಏನೂ ಆಗುವುದಿಲ್ಲ. ವಿಎಸ್ ಕೋಡ್‌ನಲ್ಲಿ ಎಕ್ಸ್‌ಟೆನ್ಷನ್‌ಗಳು ಓಡುವುದು ಅದರೊಳಗೇ ಇರುವ ನೋಡ್‌ನಲ್ಲಿ, ನೀವು ಹಾಕಿಕೊಂಡ ನೋಡ್‌ನಲ್ಲಿ ಅಲ್ಲ. ವಿಮ್‌ನದು ಇದಕ್ಕೆ ಪೂರ್ತಿ ಬೇರೆ ಸ್ವಭಾವ. ವಿಮ್ ಅನ್ನು ಕಂಪೈಲ್ ಮಾಡುವಾಗಲೇ ಪೈಥಾನ್ ಬೆಂಬಲ ಸೇರಿಸಿರಬೇಕು. ಅದರ ಆವೃತ್ತಿಯ ವಿವರ ಕೇಳಿದರೆ ಉದ್ದನೆಯ ಪಟ್ಟಿ ಬರುತ್ತದೆ. ಪೈಥಾನ್3 ಎಂಬುದರ ಎಡಕ್ಕೆ ಕೂಡುವ ಚಿಹ್ನೆ ಇದ್ದರೆ ಇದೆ, ಕಳೆಯುವ ಚಿಹ್ನೆ ಇದ್ದರೆ ಇಲ್ಲ. ಹೆಸರಿನ ಬಲಕ್ಕೆ ಡೈನ್ (dyn) ಎಂದಿದ್ದರೆ ಬೇಕಾದಾಗ ಹೊರಗಿನಿಂದ ತಂದುಕೊಳ್ಳುತ್ತದೆ ಎಂದರ್ಥ, ಆಗ 32 ಬಿಟ್‌ನ ವಿಮ್‌ಗೆ 32 ಬಿಟ್‌ನ ಪೈಥಾನೇ ಬೇಕು. ನಿಯೋವಿಮ್‌ನವರು ಆರೋಗ್ಯ ತಪಾಸಣೆಗೆಂದು ಚೆಕ್‌ಹೆಲ್ತ್ ಎಂಬ ಆಜ್ಞೆಯನ್ನೇ ಕೊಟ್ಟಿದ್ದಾರೆ. ಪ್ಲಗಿನ್ ನಿಂತ ಜಾಗದಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಅದು ಸಾಲುಸಾಲಾಗಿ ಹೇಳುತ್ತದೆ. ಇಂಥದ್ದು ಪ್ರತಿ ಎಡಿಟರ್‌ನಲ್ಲೂ ಇರಬೇಕು ಎಂದು ನನಗೆ ಮನಸಾರೆ ಅನ್ನಿಸುತ್ತದೆ.

ರನ್‌ಟೈಮ್‌ಗಳಿಗೂ ಆಯಸ್ಸಿದೆ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಆದರೂ ಮ್ಯಾಕ್‌ನಲ್ಲಿ 2.7 ಉಳಿದುಕೊಂಡಿತ್ತು, ಅದನ್ನೇ ನೆಚ್ಚಿಕೊಂಡ ಪ್ಲಗಿನ್‌ಗಳೂ ಉಳಿದುಕೊಂಡಿದ್ದವು. 2022ರಲ್ಲಿ ಬಂದ 12.3 ಆವೃತ್ತಿಯಲ್ಲಿ ಆಪಲ್ ಅದನ್ನು ತೆಗೆದುಹಾಕಿತು. ನಿನ್ನೆಯವರೆಗೆ ಓಡುತ್ತಿದ್ದ ಪ್ಲಗಿನ್, ನೀವು ಏನನ್ನೂ ಮುಟ್ಟದೆ, ಒಂದು ಬೆಳಗ್ಗೆ ನಿಲ್ಲಬಹುದು.

ಹಾಗಾದರೆ ಪ್ಲಗಿನ್‌ಗೆ ಯಾವ ಪೈಥಾನ್ ಕೊಡಬೇಕು? ಪ್ರಾಜೆಕ್ಟ್‌ನದ್ದನ್ನು ಕೊಡಬೇಡಿ. ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಪೈಥಾನ್ ಮತ್ತು ಅದರ ಲೈಬ್ರರಿಗಳನ್ನು ಪ್ರತ್ಯೇಕವಾಗಿಟ್ಟ ಫೋಲ್ಡರ್, ಪ್ರಾಜೆಕ್ಟ್‌ನೊಂದಿಗೆ ಹುಟ್ಟಿ ಪ್ರಾಜೆಕ್ಟ್‌ನೊಂದಿಗೆ ಅಳಿಯುವಂಥದು. ಇಂದು ಅದರಲ್ಲಿ ಪ್ಲಗಿನ್‌ಗೆ ಬೇಕಾದ ಲೈಬ್ರರಿ ಇರುತ್ತದೆ, ನಾಳೆ ಯಾರೋ ಅದನ್ನು ಅಳಿಸಿ ಹೊಸದು ಕಟ್ಟುತ್ತಾರೆ. ಪ್ಲಗಿನ್‌ಗೆಂದೇ ಮನೆ ಫೋಲ್ಡರ್‌ನಲ್ಲಿ ಒಂದು ಪ್ರತ್ಯೇಕ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡಿ, ಅದರ ಪೈಥಾನ್‌ನ ಪೂರ್ಣ ವಿಳಾಸವನ್ನು ಪ್ಲಗಿನ್‌ನ ಸೆಟ್ಟಿಂಗ್‌ನಲ್ಲಿ ಬರೆಯಿರಿ. ನಿಯೋವಿಮ್‌ನಲ್ಲಿ ಇದಕ್ಕೆಂದೇ ಒಂದು ವೇರಿಯಬಲ್ ಇದೆ. ಪೂರ್ಣ ವಿಳಾಸ ಕೊಟ್ಟ ಮೇಲೆ ಹುಡುಕುವ ಪ್ರಶ್ನೆಯೇ ಬರುವುದಿಲ್ಲ. ನನ್ನ ಸಹೋದ್ಯೋಗಿಗೂ ನಾವು ಮಾಡಿದ್ದು ಇಷ್ಟೇ. ಹೋಮ್‌ಬ್ರೂ ಪೈಥಾನ್‌ನಿಂದ ಒಂದು ಪ್ರತ್ಯೇಕ ಎನ್ವಿರಾನ್‌ಮೆಂಟ್, ಸೆಟ್ಟಿಂಗ್‌ನಲ್ಲಿ ಒಂದು ಸಾಲು. ಒಂದು ಫೈಲ್ ತೆರೆದು, ಎರಡು ಅಕ್ಷರ ತಿದ್ದಿ ಉಳಿಸಿದರು, ಲಾಗ್‌ನಲ್ಲಿ ಮೊದಲ ಮಿಡಿತ ಕಾಣಿಸಿತು. ಹಿಂದಿನ ಹನ್ನೊಂದು ದಿನ ಮಾತ್ರ ಮರಳಿ ಬರಲಿಲ್ಲ. ನೆಟ್ ಇಲ್ಲದಾಗ ಮಿಡಿತಗಳನ್ನು ಕೂಡಿಟ್ಟು ಆಮೇಲೆ ಕಳುಹಿಸುವ ಸೌಲಭ್ಯ ಆ ಪ್ಲಗಿನ್‌ನಲ್ಲೂ ಇತ್ತು. ಆದರೆ ಕೂಡಿಡಬೇಕಾದದ್ದೂ ಆ ಪ್ರೋಗ್ರಾಮೇ ಅಲ್ಲವೇ? ಅದು ಒಮ್ಮೆಯೂ ಓಡಿರಲೇ ಇಲ್ಲ.

ನೋಡ್ ಬೇಡುವ ಪ್ಲಗಿನ್‌ಗಳಿಗೂ ಇದೇ ಮಾತು. ನೋಡ್‌ನ ಹಲವು ಆವೃತ್ತಿಗಳನ್ನು ನಿಭಾಯಿಸುವ ಎನ್‌ವಿಎಂ ಬಳಸುವವರ ನೋಡ್ ಶೆಲ್‌ನ ಸಂರಚನೆ ಓದಿದ ಮೇಲಷ್ಟೇ ಕಣ್ಣಿಗೆ ಬೀಳುತ್ತದೆ. ಅದರ ವಿಳಾಸದಲ್ಲಿ ಆವೃತ್ತಿಯ ಸಂಖ್ಯೆಯೂ ಇರುವುದರಿಂದ, ಹಳೆಯ ಆವೃತ್ತಿ ಅಳಿಸಿದ ದಿನ ನೀವು ಬರೆದ ಪೂರ್ಣ ವಿಳಾಸವೂ ಸುಳ್ಳಾಗುತ್ತದೆ ಎನ್ನುವುದನ್ನು ನೆನಪಿಟ್ಟುಕೊಳ್ಳಿ.

ಈಗೀಗ ಬಹಳ ಜನ ಕೋಡ್ ಬರೆಯುವುದು ತಮ್ಮ ಯಂತ್ರದಲ್ಲಿ ಅಲ್ಲ. ಪರದೆ ಇಲ್ಲಿ, ಫೈಲ್‌ಗಳು ದೂರದ ಸರ್ವರ್‌ನಲ್ಲಿ ಅಥವಾ ಕಂಟೇನರ್ ಎಂಬ, ಬೇಕಾದಾಗ ಮತ್ತೆ ಕಟ್ಟಬಹುದಾದ ಪ್ರತ್ಯೇಕ ಪರಿಸರದಲ್ಲಿ. ವಿಎಸ್ ಕೋಡ್‌ನ ರಿಮೋಟ್ ವ್ಯವಸ್ಥೆಯನ್ನು 2019ರ ಮೇ ತಿಂಗಳಲ್ಲಿ ಪ್ರಕಟಿಸಿದರು. ಅದರಲ್ಲಿ ಎಡಿಟರ್ ಎರಡು ಹೋಳಾಗುತ್ತದೆ, ಮತ್ತು ಪ್ರತಿ ಎಕ್ಸ್‌ಟೆನ್ಷನ್ ತಾನು ಯಾವ ಕಡೆ ಓಡಬೇಕೆಂದು ಘೋಷಿಸಿಕೊಂಡಿರುತ್ತದೆ. ನಿಮ್ಮ ಪ್ಲಗಿನ್ ದೂರದ ಕಡೆ ಓಡುತ್ತಿದ್ದರೆ, ಅದರ ಮನೆ ಫೋಲ್ಡರ್ ಅಲ್ಲಿಯದು, ಪಾತ್ ಅಲ್ಲಿಯದು, ನೆಟ್ ಸಂಪರ್ಕವೂ ಅಲ್ಲಿಯದು. ಇಲ್ಲಿ ಬರೆದಿಟ್ಟ ಕೀಲಿ, ಅಂದರೆ ಮಿಡಿತ ನಿಮ್ಮದೇ ಎಂದು ಸರ್ವರ್‌ಗೆ ತಿಳಿಸುವ ಗುಟ್ಟಿನ ಅಕ್ಷರಸಾಲು, ಅದಕ್ಕೆ ಕಾಣುವುದಿಲ್ಲ. ಇನ್ನೊಂದು ಸಂಗತಿ: ನೀವು ಕಿಟಕಿ ಮುಚ್ಚಿದರೂ ಅಲ್ಲಿಯ ಸರ್ವರ್ ಭಾಗ ಸ್ವಲ್ಪ ಕಾಲ ಬದುಕಿರುತ್ತದೆ, ಹಳೆಯ ಚೀಟಿಯನ್ನೇ ಹಿಡಿದುಕೊಂಡು. ಪರಿಸರ ಬದಲಿಸಿದ ಮೇಲೆ ಅದನ್ನು ಕೊಂದು ಮತ್ತೆ ಸಂಪರ್ಕಿಸಿ, ಅದಕ್ಕೊಂದು ಆಜ್ಞೆ ಇದೆ. ಕಂಟೇನರ್ ಆದರೆ ಮತ್ತೆ ಕಟ್ಟಿದಾಗಲೆಲ್ಲ ಮನೆ ಫೋಲ್ಡರ್ ಹೊಸದು, ಸಂರಚನಾ ಫೈಲನ್ನು ಹೊರಗಿನಿಂದ ಮೌಂಟ್ ಮಾಡದಿದ್ದರೆ ಪ್ರತಿ ಸಲವೂ ಕಳೆದುಹೋಗುತ್ತದೆ. ಈ ತೊಂದರೆ ತಪ್ಪಿಸಲು ಕೀಲಿಯನ್ನು ಪ್ರಾಜೆಕ್ಟ್‌ನ ಫೈಲ್‌ನಲ್ಲೇ ಬರೆದು, ಕೋಡ್‌ನ ಇತಿಹಾಸ ಕಾಯ್ದಿಡುವ ಗಿಟ್‌ಗೆ ಸೇರಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಗಿಟ್‌ನ ಇತಿಹಾಸದಲ್ಲಿ ಒಮ್ಮೆ ಸೇರಿದ ಕೀಲಿ, ಫೈಲ್ ಅಳಿಸಿದ ಮೇಲೂ ಅಲ್ಲೇ ಇರುತ್ತದೆ. ಹಾಗೆ ಆಗಿದ್ದರೆ ಕೀಲಿಯನ್ನೇ ಬದಲಿಸಬೇಕು.

ನೆಟ್‌ವರ್ಕ್ ವಿಚಾರಕ್ಕೆ ಬರುತ್ತೇನೆ. ಪ್ರೋಗ್ರಾಮ್ ಓಡುತ್ತಿದೆ, ಮಿಡಿತಗಳು ತಲುಪುತ್ತಿಲ್ಲ ಎಂದರೆ ಹೆಚ್ಚಾಗಿ ಪ್ರಾಕ್ಸಿ (ನಡುವಿನ ಮಧ್ಯವರ್ತಿ ಸರ್ವರ್) ಅಥವಾ ಪ್ರಮಾಣಪತ್ರದ ತೊಡಕು. ಅನೇಕ ಕಚೇರಿಗಳ ಜಾಲದಲ್ಲಿ ಸುರಕ್ಷಿತ ಸಂಪರ್ಕವನ್ನು ನಡುವೆ ಬಿಚ್ಚಿ ಪರಿಶೀಲಿಸಿ, ಕಚೇರಿಯ ಸ್ವಂತ ಪ್ರಮಾಣಪತ್ರದಿಂದ ಮತ್ತೆ ಮುಚ್ಚುತ್ತಾರೆ. ಬ್ರೌಸರ್‌ಗೆ ಆ ಪ್ರಮಾಣಪತ್ರ ಗೊತ್ತಿರುತ್ತದೆ, ಪ್ಲಗಿನ್‌ಗೆ ಗೊತ್ತಿರಬೇಕೆಂದಿಲ್ಲ. ಪ್ರತಿ ರನ್‌ಟೈಮ್‌ಗೂ ಯಾರನ್ನು ನಂಬಬೇಕೆಂಬ ತನ್ನದೇ ಪಟ್ಟಿ ಇದೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ತನ್ನೊಂದಿಗೆ ಬಂದ ಪಟ್ಟಿಯನ್ನು ನೋಡುತ್ತದೆ. ನೋಡ್‌ಗೆ ಹೆಚ್ಚುವರಿ ಪ್ರಮಾಣಪತ್ರ ತಿಳಿಸಲು ಪ್ರತ್ಯೇಕ ವೇರಿಯಬಲ್ ಇದೆ, ಅದನ್ನು ಪ್ರೊಸೆಸ್ ಶುರುವಾಗುವಾಗ ಮಾತ್ರ ಓದುತ್ತದೆ. ಇಲ್ಲಿಯೂ ಮತ್ತೆ ಚೀಟಿಯ ಪ್ರಶ್ನೆಯೇ. ಪ್ರಮಾಣಪತ್ರದ ಪರಿಶೀಲನೆಯನ್ನೇ ಆಫ್ ಮಾಡಿಬಿಡುವ ಸೆಟ್ಟಿಂಗ್ ಹಲವು ಪ್ಲಗಿನ್‌ಗಳಲ್ಲಿ ಸಿಗುತ್ತದೆ, ಅದನ್ನು ಮುಟ್ಟದಿರಿ. ನೀವು ಯಾವ ಫೈಲ್ ತೆರೆದಿದ್ದೀರಿ ಎನ್ನುವ ವಿವರ, ಜೊತೆಗೆ ನಿಮ್ಮ ಕೀಲಿ, ಎರಡೂ ಆ ದಾರಿಯಲ್ಲೇ ಹೋಗುತ್ತವೆ. ಕಚೇರಿಯ ಪ್ರಮಾಣಪತ್ರದ ಫೈಲ್ ಕೇಳಿ ಪಡೆದು ಅದರ ವಿಳಾಸ ಕೊಡಿ.

ಹೋಗುವ ವಿವರದ ಬಗ್ಗೆಯೂ ಯೋಚಿಸಬೇಕು. ಕೆಲವೊಮ್ಮೆ ಫೈಲ್‌ನ ಹೆಸರೇ ಗುಟ್ಟು. ಇನ್ನೂ ಪ್ರಕಟವಾಗದ ಉತ್ಪನ್ನದ ಹೆಸರು, ಗ್ರಾಹಕರ ಹೆಸರು ಫೋಲ್ಡರ್‌ನಲ್ಲೇ ಇರುತ್ತದೆ. ವಾಕಾಟೈಮ್‌ನ ಸಂರಚನೆಯಲ್ಲಿ ಫೈಲ್ ಹೆಸರು ಮರೆಮಾಡುವ ಸಾಲೂ ಇದೆ, ಕೆಲವು ಫೋಲ್ಡರ್‌ಗಳನ್ನು ಪೂರ್ತಿ ಬಿಟ್ಟುಬಿಡುವ ಸಾಲೂ ಇದೆ. ಪ್ಲಗಿನ್ ಓಡಲು ಶುರುವಾದ ಮೇಲೆ ಬರೆಯೋಣ ಎಂದುಕೊಳ್ಳಬೇಡಿ, ಮೊದಲ ಮಿಡಿತಕ್ಕೆ ಮುಂಚೆಯೇ ಬರೆಯಿರಿ. ತಂಡದ ಎಲ್ಲರಿಗೂ ಇಂಥ ಪ್ಲಗಿನ್ ಹಾಕಿಸುವವರು ಯಾರಾದರೂ ಇಲ್ಲಿದ್ದರೆ, ಏನು ಹೋಗುತ್ತದೆ, ಯಾರು ನೋಡುತ್ತಾರೆ ಎಂದು ತಂಡದವರಿಗೆ ಮೊದಲೇ ಹೇಳಿ. ಇದು ತಾಂತ್ರಿಕ ಮಾತಲ್ಲದಿರಬಹುದು, ಆದರೂ ಹೇಳದೆ ಇರಲಾರೆ.

ಮಾತಿನ ಕೊನೆಗೆ ಸಭೆಯಿಂದ ಒಂದು ಪ್ರಶ್ನೆ ಬಂತು: "ಇಷ್ಟೆಲ್ಲ ಏಕೆ, ಎಡಿಟರನ್ನು ಯಾವಾಗಲೂ ಟರ್ಮಿನಲ್‌ನಿಂದಲೇ ತೆರೆದರೆ ಸಾಲದೇ?" ತೆರೆದರೆ ಉದ್ದದ ಚೀಟಿ ಸಿಗುತ್ತದೆ, ನಿಜ. ಆದರೆ ನಾಳೆ ನೀವು ಫೈಲ್ ಮೇಲೆ ನೇರವಾಗಿ ಕ್ಲಿಕ್ ಮಾಡುತ್ತೀರಿ, ಎಡಿಟರ್ ಡೆಸ್ಕ್‌ಟಾಪ್‌ನಿಂದ ಏಳುತ್ತದೆ, ಪ್ಲಗಿನ್ ಮತ್ತೆ ಸುಮ್ಮನಾಗುತ್ತದೆ. ಇಲ್ಲವೇ ಆ ಟರ್ಮಿನಲ್‌ನಲ್ಲಿ ಯಾವುದೋ ಪ್ರಾಜೆಕ್ಟ್‌ನ ವರ್ಚುವಲ್ ಎನ್ವಿರಾನ್‌ಮೆಂಟ್ ಚಾಲೂ ಇರುತ್ತದೆ, ಎಡಿಟರ್ ಅದನ್ನೂ ಹೊತ್ತುಕೊಂಡು ಹುಟ್ಟುತ್ತದೆ. ಪರಿಹಾರವಾಗಿ ಅದನ್ನು ನೆಚ್ಚಬೇಡಿ. ಪರೀಕ್ಷೆಯಾಗಿ ಖಂಡಿತ ಬಳಸಿ. ಎಡಿಟರನ್ನು ಪೂರ್ತಿ ಮುಚ್ಚಿ. ಪ್ಲಗಿನ್‌ನ ಡೀಬಗ್ ಸೆಟ್ಟಿಂಗ್ ಆನ್ ಮಾಡಿ, ಲಾಗ್ ಫೈಲನ್ನು ಪಕ್ಕದಲ್ಲಿ ತೆರೆದಿಡಿ. ಒಮ್ಮೆ ಟರ್ಮಿನಲ್‌ನಿಂದ ಎಡಿಟರ್ ತೆರೆದು ಒಂದು ಫೈಲ್ ಉಳಿಸಿ, ಮತ್ತೆ ಪೂರ್ತಿ ಮುಚ್ಚಿ ಚಿಹ್ನೆಯಿಂದ ತೆರೆದು ಅದೇ ಫೈಲ್ ಉಳಿಸಿ. ಮೊದಲನೆಯದರಲ್ಲಿ ಮಿಡಿತ ಬಂದು ಎರಡನೆಯದರಲ್ಲಿ ಬರದಿದ್ದರೆ ದೋಷ ಚೀಟಿಯಲ್ಲಿದೆ. ಎರಡರಲ್ಲೂ ಬರದಿದ್ದರೆ ಪಾತ್ ಬಿಟ್ಟು ರನ್‌ಟೈಮ್‌ನ ಆವೃತ್ತಿ ನೋಡಿ, ಆಮೇಲೆ ಪ್ರಮಾಣಪತ್ರ ನೋಡಿ.